ಬ್ಯಾಟ್‌ಮ್ಯಾನ್ ಅನಿಮೇಟೆಡ್ ಸರಣಿಯ ಗೇಮ್‌ಗಳು: ಒಂದೇ ಹೆಸರಿನ ನಾಲ್ಕು ಆಟ, ಯಾವುದರಿಂದ ಶುರು ಮಾಡಬೇಕು?

ಇರುಳಬಾವಲಿ

1992ರಲ್ಲಿ ಶುರುವಾದ ‘ಬ್ಯಾಟ್‌ಮ್ಯಾನ್: ದಿ ಅನಿಮೇಟೆಡ್ ಸೀರೀಸ್’ 85 ಕಂತೂ ನೋಡಿ ಮುಗಿಯಿತು. ಇನ್ನು ಅದರಿಂದ ಹುಟ್ಟಿದ ಗೇಮ್‌ಗಳನ್ನು ಸರಿಯಾದ ಕ್ರಮದಲ್ಲಿ ಆಡಬೇಕು ಅಂತಿದೆ. ಆದರೆ ‘ದಿ ಅಡ್ವೆಂಚರ್ಸ್ ಆಫ್ ಬ್ಯಾಟ್‌ಮ್ಯಾನ್ ಅಂಡ್ ರಾಬಿನ್’ ಅನ್ನೋ ಒಂದೇ ಹೆಸರಲ್ಲಿ ಸೂಪರ್ ನಿಂಟೆಂಡೊ, ಮೆಗಾ ಡ್ರೈವ್, ಸೆಗಾ ಸಿಡಿ (ಮೆಗಾ ಡ್ರೈವ್‌ಗೆ ಜೋಡಿಸೋ ಡಿಸ್ಕ್ ಯಂತ್ರ), ಗೇಮ್ ಗಿಯರ್ ಅನ್ನೋ ನಾಲ್ಕು ಹಳೇ ಗೇಮ್ ಯಂತ್ರಕ್ಕೂ ಆಟ ಇದೆ. ಪ್ರಶ್ನೆಗಳು ಇವು:

ಒಂದು, ನಾಲ್ಕೂ ಒಂದೇ ಆಟವಾ, ಬೇರೆ ಬೇರೆಯಾ? ಮೊದಲು ಯಾವುದು?

ಎರಡು, ಮೆಗಾ ಡ್ರೈವ್ ಆಟದಲ್ಲಿ ಜೋಕರ್‌ನ ಮೊದಲ ಹಂತವೇ ದಾಟೋಕೆ ಆಗ್ತಿಲ್ಲ. ಬಟನ್ ಒತ್ತಿ ಒತ್ತಿ ಎಷ್ಟು ಬ್ಯಾಟರಾಂಗ್ ಎಸೆದರೂ ಪುಂಡರು ಬೀಳೋದೇ ಇಲ್ಲ.

ಮೂರು, ಸೆಗಾ ಸಿಡಿ ಡಿಸ್ಕಿನಿಂದ ಮಾಡಿಕೊಂಡ ಫೈಲ್ ರೆಟ್ರೋಆರ್ಕ್ (ಹಳೇ ಯಂತ್ರದ ಆಟಗಳನ್ನ ಕಂಪ್ಯೂಟರ್‌ನಲ್ಲಿ ಓಡಿಸೋ ಎಮ್ಯುಲೇಟರ್) ಒಳಗಿನ ಜೆನೆಸಿಸ್ ಪ್ಲಸ್ ಜಿಎಕ್ಸ್ ಕೋರ್‌ನಲ್ಲಿ (ಸೆಗಾ ಯಂತ್ರಗಳನ್ನ ಅನುಕರಿಸೋ ಭಾಗ) ಕಪ್ಪು ಪರದೆ ತೋರಿಸಿ ನಿಲ್ತಿದೆ.

ನಾಲ್ಕು, ಇವು ಮುಗಿದ ಮೇಲೆ ಮುಂದೇನು? ಅತಿ ಕೆಟ್ಟ ಆಟ ಅಂತ ಎಲ್ಲರೂ ಬೈಯೋ ಸೂಪರ್‌ಮ್ಯಾನ್ 64 ನಿಜಕ್ಕೂ ಅಷ್ಟು ಕೆಟ್ಟದಾಗಿದ್ದರೆ ಯಾಕೆ ಹಾಗಾಯಿತು ಅನ್ನೋದೂ ಗೊತ್ತಾಗಬೇಕು.

ಸಲಕರಣೆ: ವಿಂಡೋಸ್ ಲ್ಯಾಪ್‌ಟಾಪ್, 60 ಹರ್ಟ್ಸ್ ಪರದೆ, ಬ್ಲೂಟೂತ್ ಪ್ಯಾಡ್. ಕಾರ್ಟ್ರಿಜ್, ಡಿಸ್ಕ್ ಸ್ವಂತದ್ದೇ.

ಕಪ್ಪುಹಾಳೆ

ನಾಲ್ಕೂ ಬೇರೆ ಬೇರೆ ಆಟ. ಹೆಸರು ಒಂದಾಗಿದ್ದಕ್ಕೆ ಕಾರಣ ಟಿವಿ. 1994ರಲ್ಲಿ ಎರಡನೇ ಸೀಸನ್ ಬಂದಾಗ ಸರಣಿಯ ಹೆಸರನ್ನೇ ‘ದಿ ಅಡ್ವೆಂಚರ್ಸ್ ಆಫ್ ಬ್ಯಾಟ್‌ಮ್ಯಾನ್ ಅಂಡ್ ರಾಬಿನ್’ ಎಂದು ಬದಲಾಯಿಸಿದರು. ಆಮೇಲೆ ಬಂದ ಆಟಗಳೆಲ್ಲ ಆ ಹೆಸರನ್ನೇ ಹೊತ್ತುಕೊಂಡವು. ಅದಕ್ಕೆ ಮೊದಲೇ, 1993ರಲ್ಲಿ, ಕೊನಾಮಿ ಗೇಮ್ ಬಾಯ್‌ಗೆ ಮಾಡಿದ ಆಟಕ್ಕೆ ಮಾತ್ರ ಹಳೆಯ ಹೆಸರೇ ಉಳಿದಿದೆ. ಅದನ್ನು ನಿಮ್ಮ ಪಟ್ಟಿಗೆ ಸೇರಿಸಿಕೊಳ್ಳಿ, ಅದರಲ್ಲಿ ಬ್ಯಾಟ್‌ಮ್ಯಾನ್ ಮತ್ತು ರಾಬಿನ್ ಇಬ್ಬರನ್ನೂ ಆಡಬಹುದು.

ಸೂಪರ್ ನಿಂಟೆಂಡೊದ್ದು ಕೊನಾಮಿ, 1994. ಮೆಗಾ ಡ್ರೈವ್ ಮತ್ತು ಸೆಗಾ ಸಿಡಿ ಎರಡೂ ಸೆಗಾಕ್ಕಾಗಿ ಕ್ಲಾಕ್‌ವರ್ಕ್ ಟಾರ್ಟಾಯ್ಸ್ ಮಾಡಿದ್ದು, 1995. ಮಾಡಿದವರು ಒಬ್ಬರೇ ಆದರೂ ಮೆಗಾ ಡ್ರೈವ್‌ದು ಓಡುತ್ತಾ ಎಸೆಯುವ ಆಟ, ಸೆಗಾ ಸಿಡಿಯದು ಪೂರ್ತಿ ಬ್ಯಾಟ್‌ಮೊಬೈಲ್ ಕಾರು, ಬ್ಯಾಟ್‌ವಿಂಗ್ ವಿಮಾನ ಓಡಿಸುವ ಆಟ. ಗೇಮ್ ಗಿಯರ್‌ದು ನೋವೊಟ್ರೇಡ್ ಮಾಡಿದ ಸಣ್ಣ ಪ್ಲಾಟ್‌ಫಾರ್ಮ್ ಆಟ, ಅದನ್ನು ಕೊನೆಗಿಟ್ಟರೂ ನಷ್ಟವಿಲ್ಲ.

ಶುರು ಮಾಡಬೇಕಾದ್ದು ಸೂಪರ್ ನಿಂಟೆಂಡೊದಿಂದ. ಆ ಸರಣಿಯ ಹಿನ್ನೆಲೆ ಚಿತ್ರಗಳನ್ನು ಬಿಳಿ ಹಾಳೆಯ ಮೇಲಲ್ಲ, ಕಪ್ಪು ಹಾಳೆಯ ಮೇಲೆ ಬರೆಯುತ್ತಿದ್ದರು. ಕತ್ತಲೆ ಮೊದಲೇ ಇರುತ್ತಿತ್ತು. ಬೆಳಕು ಬೀಳುವ ಕಡೆ ಮಾತ್ರ ಬಣ್ಣ. ಸರಣಿಯನ್ನು ರೂಪಿಸಿದವರಲ್ಲೊಬ್ಬರಾದ ಎರಿಕ್ ರಾಡೊಮ್ಸ್ಕಿ ತಂದ ಈ ಕ್ರಮವೇ ಬ್ಯಾಟ್‌ಮ್ಯಾನ್‌ನ ಊರಾದ ಗಾಥಮ್‌ಗೆ ಆ ಗಾಢ ಕೆಂಪು ಆಕಾಶ ಕೊಟ್ಟದ್ದು. ಕೊನಾಮಿಯವರು ಇದನ್ನು ಅರ್ಥ ಮಾಡಿಕೊಂಡು ಬಿಡಿಸಿದ್ದಾರೆ. ಸೂಪರ್ ನಿಂಟೆಂಡೊ 32,768 ಬಣ್ಣಗಳಿಂದ ಒಮ್ಮೆಗೆ 256 ತೋರಿಸಬಲ್ಲದು, ಆದ್ದರಿಂದ ಕೆಂಪಿನಿಂದ ಕಪ್ಪಿಗೆ ಇಳಿಯುವ ಮೆಟ್ಟಿಲುಗಳು ನಯವಾಗಿ ಬರುತ್ತವೆ. ಮೆಗಾ ಡ್ರೈವ್‌ಗೆ ಸಿಗುವುದು 512ರಲ್ಲಿ 64 ಮಾತ್ರ.

ಚಿತ್ರಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಈ ಆಟದ ಪ್ರತಿ ಹಂತವೂ ಒಂದು ಕಂತಿನ ಹಾಗೆ: ಮೊದಲು ಶೀರ್ಷಿಕೆಯ ಚಿತ್ರ, ಆಮೇಲೆ ಸಲಕರಣೆ ಆರಿಸುವ ಪರದೆ, ಆಮೇಲೆ ಕಾರ್ಯಾಚರಣೆ. ಸರಣಿಯ ಬ್ಯಾಟ್‌ಮ್ಯಾನ್ ಸಿದ್ಧತೆ ಇಲ್ಲದೆ ಎಲ್ಲಿಗೂ ಹೋಗುವವನಲ್ಲ. ಆಟಗಾರನೂ ಹಾಗೆಯೇ ಇರಬೇಕು ಅಂತ ಆಟವೇ ಕಟ್ಟುಪಾಡು ಹಾಕುತ್ತದೆ. ಪಾಯ್ಸನ್ ಐವಿಯ ಹಂತಕ್ಕೆ ಗ್ಯಾಸ್ ಮಾಸ್ಕ್ ಬಿಟ್ಟು ಹೋದರೆ ವಿಷದ ಹೊಗೆ ಜೀವವನ್ನು ಸವೆಸುತ್ತಲೇ ಇರುತ್ತದೆ, ಕೈಚಳಕ ಎಷ್ಟಿದ್ದರೂ ಪ್ರಯೋಜನವಿಲ್ಲ. ಹೊಗೆ ಬಾಂಬ್, ಟಾರ್ಚ್, ಬ್ಯಾಟರಾಂಗ್ ಇವೆಲ್ಲದರ ಆಯ್ಕೆಗೂ ಇದೇ ಮಾತು. ಒಂದು ಹಂತದಲ್ಲಿ ಎರಡು ಸಲ ಒಂದೇ ಜಾಗದಲ್ಲಿ ಸತ್ತರೆ ಕೈಯನ್ನಲ್ಲ, ಬೆಲ್ಟಿಗೆ ಆರಿಸಿಕೊಂಡ ಸಲಕರಣೆಗಳನ್ನು ಅನುಮಾನಿಸಿ. ರಾಬಿನ್ ಹೆಸರಲ್ಲಿದ್ದರೂ ಇಲ್ಲಿ ಅವನನ್ನು ಆಡುವಂತಿಲ್ಲ, ಇದು ಒಬ್ಬರ ಆಟ.

ಟೂ-ಫೇಸ್‌ನ ಹಂತ ಬ್ಯಾಟ್‌ಮೊಬೈಲ್‌ನದು, ಸೂಪರ್ ನಿಂಟೆಂಡೊದ ಮೋಡ್ 7 ಬಳಸಿದೆ. ಮೋಡ್ 7ರಲ್ಲಿ ತಿರುಗುವ, ಹಿಗ್ಗುವ ಹಿನ್ನೆಲೆ ಪದರ ಒಂದೇ ಒಂದು. ಉಳಿದದ್ದೆಲ್ಲ ಅದರ ಮೇಲೆ ಅಂಟಿಸಿದ ಚಲಿಸುವ ಸಣ್ಣ ಚಿತ್ರಗಳು, ಅಂದರೆ ಸ್ಪ್ರೈಟ್. ದೊಡ್ಡ ಪರದೆಯಲ್ಲಿ ಆ ರಸ್ತೆ ಕಾಳುಕಾಳಾಗಿ ಕಂಡರೆ ಬಿಎಸ್‌ಎನ್‌ಇಎಸ್ ಎಚ್‌ಡಿ ಕೋರ್ ಹಾಕಿ. ಅದು ಮೋಡ್ 7 ಪದರವನ್ನಷ್ಟೇ ಹೆಚ್ಚಿನ ರೆಸಲ್ಯೂಶನ್‌ನಲ್ಲಿ ಬಿಡಿಸುತ್ತದೆ, ಮಿಕ್ಕ ಚಿತ್ರ ಇದ್ದ ಹಾಗೇ ಇರುತ್ತದೆ.

ಒಂದು ಸೆಟ್ಟಿಂಗ್ ತಪ್ಪಬೇಡಿ. ಸೂಪರ್ ನಿಂಟೆಂಡೊ ಚಿತ್ರ 256×224. ಇದನ್ನು ಚೌಕ ಪಿಕ್ಸೆಲ್‌ಗಳಲ್ಲಿ ತೋರಿಸಿದರೆ ಬ್ರೂಸ್ ಟಿಮ್ ಬರೆದ ಅಗಲ ಭುಜದ, ಚೌಕ ದವಡೆಯ ಬ್ಯಾಟ್‌ಮ್ಯಾನ್ ಬಡಕಲಾಗಿ ಕಾಣುತ್ತಾನೆ. ವಿಡಿಯೊ ಸೆಟ್ಟಿಂಗ್‌ನಲ್ಲಿ ಆಸ್ಪೆಕ್ಟ್ ರೇಶಿಯೊ 4:3 ಮಾಡಿ. ಹಳೇ ಟಿವಿಯಲ್ಲಿ ಆ ಚಿತ್ರ ಹರಡಿಕೊಳ್ಳುತ್ತಿದ್ದದ್ದು ಹಾಗೆಯೇ.

ಧಾರವಾಡದಡಿಸ್ಕ್

ಸೆಗಾ ಸಿಡಿ ಬಗ್ಗೆ ಹೇಳ್ತೀನ್ರಿ. ಕಪ್ಪು ಪರದೆ ಬಂದು ನಿಂತ್ರ ಮೊದಲು ಅನುಮಾನ ಪಡಬೇಕಾದ್ದು ಬಯೋಸ್, ಅಂದ್ರ ಯಂತ್ರವನ್ನ ಎಬ್ಬಿಸೋ ಒಳಗಿನ ತಂತ್ರಾಂಶ. ಮೆಗಾ ಡ್ರೈವ್ ಕಾರ್ಟ್ರಿಜ್‌ಗೆ ಬಯೋಸ್ ಬೇಕಿಲ್ಲ, ಅದಕ್ಕ ಅದು ಓಡತೈತಿ. ಸೆಗಾ ಸಿಡಿಗೆ ಬೇಕೇ ಬೇಕು.

ಹಿಂಗ ಮಾಡ್ರಿ. ರೆಟ್ರೋಆರ್ಕ್‌ನ ಸಿಸ್ಟಮ್ ಫೋಲ್ಡರ್‌ನಾಗ ಬಯೋಸ್ ಫೈಲ್ ಇಡ್ರಿ. ಈ ಕೋರ್ ಮೂರು ಪ್ರದೇಶಕ್ಕ ಮೂರು ಬೇರೆ ಫೈಲ್ ಹುಡುಕ್ತೈತಿ: ಅಮೆರಿಕದ್ದಕ್ಕ ಹೆಸರಿನ ಕೊನೀಗೆ ಯು, ಯುರೋಪಿನದಕ್ಕ ಇ, ಜಪಾನಿನದಕ್ಕ ಜೆ. ಹೆಸರಿನಾಗ ಒಂದಕ್ಷರ ತಪ್ಪಿದ್ರೂ ಅದು ಕಾಣಂಗಿಲ್ಲ. ಇಟ್ಟ ಮ್ಯಾಲೆ ಕೋರ್ ಇನ್ಫರ್ಮೇಶನ್ ಪುಟ ತೆಗೆದು ಫರ್ಮ್‌ವೇರ್ ಪಟ್ಟಿ ನೋಡ್ರಿ, ಫೈಲ್ ಸಿಕ್ಕೈತೋ ಇಲ್ಲೋ ಅಲ್ಲೇ ಬರದಿರತೈತಿ. ನಿಮ್ಮ ಡಿಸ್ಕ್ ಅಮೆರಿಕದ್ದಿದ್ದು ಬಯೋಸ್ ಯುರೋಪಿನದಷ್ಟೇ ಇದ್ರ ಆಗಂಗಿಲ್ಲ, ಎರಡೂ ಒಂದೇ ಪ್ರದೇಶದ್ದು ಇರಬೇಕು.

ಆಮ್ಯಾಲೆ ಡಿಸ್ಕ್ ಹೆಂಗ ಓದಿದ್ರಿ, ಯಾವ ಥರದ ಫೈಲ್ ಬಂತು ಅನ್ನೋದು ಹೇಳ್ರಿ. ಅದರಾಗೂ ಒಂದು ಕುತ್ತ ಐತಿ.

ಇರುಳಬಾವಲಿ

@ಧಾರವಾಡದಡಿಸ್ಕ್ ಧನ್ಯವಾದ, ಬಯೋಸ್ ಇರಲೇ ಇಲ್ಲ. ಇಟ್ಟ ತಕ್ಷಣ ಓಡಿತು. ಶುರುವಿನ ಕಾರ್ಟೂನ್ ಭಾಗದಲ್ಲಿ ಮಾತು, ಸಂಗೀತ ಎಲ್ಲ ಕೇಳುತ್ತೆ. ಆದರೆ ಕಾರು ಓಡಿಸೋ ಹಂತ ಬಂದರೆ ಎಂಜಿನ್ ಸದ್ದು, ಗುಂಡಿನ ಸದ್ದು ಮಾತ್ರ. ಹಿನ್ನೆಲೆ ಸಂಗೀತ ಇಲ್ಲ. ಡಿಸ್ಕ್ ಓದಿದ್ದು ಐಎಸ್‌ಒ ರೂಪದಲ್ಲಿ.

ಧಾರವಾಡದಡಿಸ್ಕ್

ಅಲ್ಲೇ ಐತಿ ನೋಡ್ರಿ ತೊಂದರೆ. ಆ ಡಿಸ್ಕ್‌ನಾಗ ಮೊದಲನೇ ಟ್ರ್ಯಾಕ್ ಡೇಟಾ, ಉಳಿದವು ಆಡಿಯೊ ಸಿಡಿಯೊಳಗ ಇರ್ತಾವಲ್ಲ ಅಂಥಾ ಹಾಡಿನ ಟ್ರ್ಯಾಕ್. ಐಎಸ್‌ಒ ಫೈಲ್ ಹಿಡಿದುಕೊಳ್ಳೋದು ಡೇಟಾ ಟ್ರ್ಯಾಕ್ ಅಷ್ಟ. ಹಾಡೆಲ್ಲ ಡಿಸ್ಕ್‌ನಾಗೇ ಉಳಿದ್ವು.

ಕಾರ್ಟೂನ್‌ನಾಗ ಸದ್ದು ಯಾಕ ಬರತೈತಿ ಅಂದ್ರ, ಡ್ರೈವ್‌ನ ಕಣ್ಣು ಒಂದೇ. ವಿಡಿಯೊ ಡೇಟಾ ಓದುವಾಗ ಅದೇ ಹೊತ್ತಿಗೆ ಹಾಡಿನ ಟ್ರ್ಯಾಕ್ ನುಡಿಸಾಕ ಆಗಂಗಿಲ್ಲ. ಅದಕ್ಕ ಕಾರ್ಟೂನಿನ ಮಾತು, ಸಂಗೀತ ಎರಡೂ ವಿಡಿಯೊ ಡೇಟಾದ ಜೋಡಿನೇ ಬಂದು ಪಿಸಿಎಂ ಅನ್ನೋ ಸದ್ದಿನ ಚಿಪ್ ಮೂಲಕ ಹೊರಗ ಬರತಾವು. ಕಾರಿನ ಹಂತ ಶುರುವಾಗೂ ಮುಂಚೆ ಬೇಕಾದ ಡೇಟಾ ಮೆಮೊರಿಗೆ ಬಂದು ಕುಂತಿರತೈತಿ, ಆಗ ಡ್ರೈವ್ ಖಾಲಿ, ಹಾಡು ನುಡಿಸತೈತಿ. ನಿಮ್ಮ ಫೈಲ್‌ನಾಗ ಆ ಹಾಡೇ ಇಲ್ಲ. ಮುಂದ ಬ್ಯಾರೆ ಯಾವುದೇ ಸೆಗಾ ಸಿಡಿ ಆಟದಾಗ ಮಾತು ಐತಿ, ಹಾಡಿಲ್ಲ ಅಂತ ಕಂಡ್ರ ಮೊದಲು ಟ್ರ್ಯಾಕ್ ಎಣಿಸ್ರಿ.

ಸರಿ ಮಾಡೋದು ಹಿಂಗ. ಇಮ್ಗ್‌ಬರ್ನ್ ಅನ್ನೋ ಡಿಸ್ಕ್ ಓದೋ ತಂತ್ರಾಂಶದಾಗ ರೀಡ್ ಮೋಡ್ ಆರಿಸ್ರಿ. ಡಿಸ್ಕ್‌ನಾಗ ಒಂದಕ್ಕಿಂತ ಹೆಚ್ಚು ಟ್ರ್ಯಾಕ್ ಇದ್ರ ಅದು ತಾನ ಬಿನ್ ಮತ್ತ ಕ್ಯೂ ಅಂತ ಎರಡು ಫೈಲ್ ಮಾಡತೈತಿ. ವೇಗ ಕಡಿಮೆ ಇಡ್ರಿ, ಗೀರು ಬಿದ್ದ ಹಳೇ ಡಿಸ್ಕ್ ಜೋರಾಗಿ ಓದಿದ್ರ ಹಾಡಿನ ನಡುವ ಚಟ್ ಚಟ್ ಅಂತ ಸದ್ದು ಸೇರಕೊಳ್ಳತೈತಿ. ಹಾಡಿನ ಟ್ರ್ಯಾಕ್‌ಗೆ ಡೇಟಾದಷ್ಟು ತಪ್ಪು ತಿದ್ದೋ ವ್ಯವಸ್ಥಾ ಇಲ್ಲ, ಅದಕ್ಕ ಗೀರು ಮೊದಲು ಕೇಳಸೋದು ಅಲ್ಲೇ.

ಓಡಿಸುವಾಗ ಬಿನ್ ಅಲ್ಲ, ಕ್ಯೂ ಫೈಲ್ ತೆಗೀರಿ. ಕ್ಯೂ ಅಂದ್ರ ಬರೇ ಪಠ್ಯ. ನೋಟ್‌ಪ್ಯಾಡ್‌ನಾಗ ತೆರದ್ರ ಮೊದಲನೇ ಸಾಲಿನಾಗ ಬಿನ್ ಫೈಲಿನ ಹೆಸರಿರತೈತಿ. ನೀವು ಬಿನ್‌ಗೆ ಹೊಸ ಹೆಸರಿಟ್ಟು ಕ್ಯೂ ಒಳಗ ಹಳೇ ಹೆಸರು ಬಿಟ್ರ ಆಟ ಎದ್ದೇಳಂಗಿಲ್ಲ. ಹಾಡನ್ನ ಎಂಪಿ3 ಮಾಡಿ ಜಾಗ ಉಳಿಸೋ ಹಳೇ ಪದ್ಧತಿ ಈ ಕೋರ್‌ಗೆ ಬ್ಯಾಡ್ರಿ. ಜಾಗ ಉಳಿಸಬೇಕಂದ್ರ ಕ್ಯೂ ಫೈಲ್ ಕೊಟ್ಟು ಸಿಎಚ್‌ಡಿ ಮ್ಯಾನ್ ಅನ್ನೋ ತಂತ್ರಾಂಶದ ಕ್ರಿಯೇಟ್ ಸಿಡಿ ಆದೇಶದಿಂದ ಸಿಎಚ್‌ಡಿ ಅನ್ನೋ ಕುಗ್ಗಿಸಿದ ಫೈಲ್ ಮಾಡ್ರಿ. ಒಂದೇ ಫೈಲ್ ಆಗತೈತಿ, ಸದ್ದಿನ ಗುಣ ಕೂದಲಷ್ಟೂ ಕೆಡಂಗಿಲ್ಲ.

ಆಟದ ಬಗ್ಗೆ ಎರಡು ಮಾತು. ಈ ಡಿಸ್ಕ್‌ನ ಕಾರ್ಟೂನ್ ಭಾಗ ಎಲ್ಲಾ ಸೇರಿ ಹದಿನೈದು ನಿಮಿಷದ ಮ್ಯಾಲೈತಿ. ಟಿವಿ ಕಂತಿಂದ ಕತ್ತರಿಸಿ ತಂದದ್ದಲ್ಲ, ಈ ಆಟಕ್ಕಂತನ ಟಿಎಂಎಸ್ ಸ್ಟುಡಿಯೊದಾಗ ಹೊಸದಾಗಿ ಮಾಡಿಸಿದ್ದು. ದನಿನೂ ಸರಣಿಯಾಗ ಬ್ಯಾಟ್‌ಮ್ಯಾನ್ ಆದ ಕೆವಿನ್ ಕಾನ್ರಾಯ್, ಜೋಕರ್ ಆದ ಮಾರ್ಕ್ ಹ್ಯಾಮಿಲ್ ಅವರದ್ದೇ. ಅದಕ್ಕ ಅಭಿಮಾನಿಗಳು ಇದನ್ನ ಕಳೆದುಹೋದ ಕಂತು ಅಂತ ಕರೀತಾರ. ಚಿತ್ರ ಮಸುಕು, ಕಾಳುಕಾಳು ಇರತೈತಿ. ಸೆಗಾ ಸಿಡಿ ಸೇರಿಸಿದ್ರೂ ಪರದೆಗೆ ಚಿತ್ರ ಕಳಸೋದು ಮೆಗಾ ಡ್ರೈವ್‌ನ ಹಳೇ ಚಿಪ್ಪೇ, ಅದೇ 64 ಬಣ್ಣ. ಕೋರ್ ಆಪ್ಷನ್ಸ್‌ನಾಗ ಬ್ಲಾರ್ಗ್ ಎನ್‌ಟಿಎಸ್‌ಸಿ ಫಿಲ್ಟರ್ ಕಾಂಪೊಸಿಟ್ ಅಂತ ಇಟ್ರ ಆ ಚುಕ್ಕಿಗಳು ಒಂದರಾಗೊಂದು ಬೆರೆತು ನಡುವಿನ ಬಣ್ಣದಂಗ ಕಾಣತಾವು. ಕಾರಿನ ಹಂತದಾಗ ಹೊತ್ತಿನ ಮಿತಿ ಬಿಗಿ. ಕ್ಷಿಪಣಿ ಎಣಿಕಿವು, ಸಣ್ಣ ಗಾಡಿಗೆ ಖರ್ಚು ಮಾಡಬ್ಯಾಡ್ರಿ, ಕೊನೀಗೆ ಬರೋ ದೊಡ್ಡದಕ್ಕ ಉಳಿಸ್ರಿ.

ಹದಿನಾರುಬಿಟ್

ಮೆಗಾ ಡ್ರೈವ್ ವಿಷಯಕ್ಕೆ ಬರೋಣ. ಮೊದಲಿಗೆ @ಕಪ್ಪುಹಾಳೆ ಅವರ ಮಾತಿಗೆ ಒಂದು ತಕರಾರು. ಸರಣಿಗೆ ಹತ್ತಿರ ಸೂಪರ್ ನಿಂಟೆಂಡೊ ಆಟವೇ, ಒಪ್ತೀನಿ. ಆದರೆ ಮೆಗಾ ಡ್ರೈವ್‌ನಲ್ಲಿ ಆಗಿರೋ ಕೆಲಸವನ್ನ ಬರೀ ಬಣ್ಣ ಎಣಿಸಿ ಅಳೆಯಬಾರದು. ಆ ಯಂತ್ರಕ್ಕೆ ಮೋಡ್ 7 ಥರದ ಹಾರ್ಡ್‌ವೇರೇ ಇಲ್ಲ. ಇರೋದು 7.67 ಮೆಗಾಹರ್ಟ್ಸ್‌ನ 68000 ಪ್ರೊಸೆಸರ್, ಜೊತೆಗೆ ಪ್ರತಿ ಅಡ್ಡಗೆರೆಯನ್ನೂ ಬೇರೆ ಬೇರೆ ಸ್ಕ್ರಾಲ್ ಮಾಡಬಲ್ಲ ವಿಡಿಯೊ ಚಿಪ್. ಅದನ್ನೇ ಹಿಂಡಿ ಕಟ್ಟಡ ವಾಲೋ ಹಾಗೆ, ನೆಲ ದೂರಕ್ಕೆ ಹಾಸಿಕೊಳ್ಳೋ ಹಾಗೆ ತೋರಿಸಿದ್ದಾರೆ. ಸಂಗೀತ ಜೆಸ್ಪರ್ ಕಿಡ್ ಅವರದ್ದು, ಆಮೇಲೆ ‘ಹಿಟ್‌ಮ್ಯಾನ್’, ‘ಅಸ್ಯಾಸಿನ್ಸ್ ಕ್ರೀಡ್’ ಆಟಗಳಿಗೆ ಸಂಗೀತ ಕೊಟ್ಟರಲ್ಲ, ಅವರೇ. ಸರಣಿಯ ವಾದ್ಯವೃಂದದ ಸದ್ದನ್ನ ಅನುಕರಿಸೋಕೇ ಹೋಗಿಲ್ಲ, ಆ ಯಂತ್ರದ ಸಂಗೀತ ಚಿಪ್ಪಿನ ಆರು ಎಫ್‌ಎಂ ಚಾನೆಲ್‌ಗೆ ಏನು ಒಗ್ಗುತ್ತೋ ಆ ಟೆಕ್ನೋ ಮಾಡಿದ್ದಾರೆ. ಕೇಳೋಕೆ ಅದ್ಭುತ.

ಈಗ ನಿಮ್ಮ ತೊಂದರೆ. ಪುಂಡರು ಬೀಳದೇ ಇರೋಕೆ ಕಾರಣ ನೀವೇ ಹೇಳಿದ್ದೀರಿ: ಬಟನ್ ಒತ್ತಿ ಒತ್ತಿ ಎಸೀತಿದ್ದೀರಿ. ಎಸೆತದ ಬಲ ಒಂದು ಪಟ್ಟಿಯಲ್ಲಿ ತುಂಬಿಕೊಳ್ಳುತ್ತೆ. ಎಸೆಯದೆ ಸ್ವಲ್ಪ ಹೊತ್ತು ಬಿಟ್ಟರೆ ತುಂಬುತ್ತೆ, ಒತ್ತುತ್ತಲೇ ಇದ್ದರೆ ಯಾವಾಗಲೂ ಖಾಲಿ. ಖಾಲಿ ಪಟ್ಟಿಯ ಹತ್ತು ಎಸೆತಕ್ಕಿಂತ ತುಂಬಿದ ಪಟ್ಟಿಯ ಎರಡು ಎಸೆತ ಮೇಲು. ಹಾಗಾಗಿ ತಾಳ ಹಿಡಿರಿ: ಎಸಿ, ಹಾರಿ ತಪ್ಪಿಸ್ಕೊ, ತುಂಬಿತಾ ನೋಡು, ಎಸಿ. ಪುಂಡ ಮೈಮೇಲೆ ಬಂದಾಗ ಅದೇ ಬಟನ್ ಕೈಕಾಲಿನ ಹೊಡೆತ ಆಗುತ್ತೆ, ಅದಕ್ಕೆ ಪಟ್ಟಿಯ ಹಂಗಿಲ್ಲ. ಪಟ್ಟಿ ಖಾಲಿ ಇದ್ದಾಗ ಹಿಂದಕ್ಕೆ ಓಡಬೇಡಿ, ಹತ್ತಿರ ಹೋಗಿ ಹೊಡೀರಿ.

ಆಯುಧ ಮೂರು: ಬ್ಯಾಟರಾಂಗ್, ಬೋಲಾ, ಶುರಿಕೆನ್. ನೆಲಕ್ಕೆ ಬಿದ್ದ ಆಯುಧದ ಗುರುತನ್ನೆಲ್ಲ ಬಾಚಿಕೊಂಡು ಹೋಗೋದು ಹೊಸಬರ ತಪ್ಪು. ನಿಮ್ಮ ಕೈಲಿರೋದೇ ಮತ್ತೆ ಸಿಕ್ಕರೆ ಅದರ ಶಕ್ತಿ ಏರುತ್ತೆ, ಆದ್ದರಿಂದ ಒಂದನ್ನ ಆರಿಸಿ ಅದಕ್ಕೇ ಅಂಟಿಕೊಳ್ಳಿ.

ಪರದೆ ನಿಂತು ಪುಂಡರ ಅಲೆ ಬರೋ ಕಡೆಗಳಲ್ಲಿ ನಡುವೆ ನಿಲ್ಲಬೇಡಿ. ಎರಡೂ ಕಡೆಯಿಂದ ಬಂದರೆ ಒಂದು ಕಡೆಯವರನ್ನ ಪೂರ್ತಿ ಮುಗಿಸಿ ಆ ಅಂಚಿಗೆ ಬೆನ್ನು ಕೊಡಿ. ಮುಂದಿನ ಅಲೆಯಲ್ಲಿ ಎದುರಿಸಬೇಕಾದ ದಿಕ್ಕು ಒಂದೇ ಉಳಿಯುತ್ತೆ.

ಆಟ ಉದ್ದ. ಜೋಕರ್, ಟೂ-ಫೇಸ್, ಮ್ಯಾಡ್ ಹ್ಯಾಟರ್, ಕೊನೆಗೆ ಮಿಸ್ಟರ್ ಫ್ರೀಜ್. ಬ್ಯಾಟರಿ ಸೇವ್ ಇಲ್ಲ. ಬ್ಯಾಟ್‌ವಿಂಗ್‌ನ ಹಾರಾಟದ ಭಾಗ ಅಗತ್ಯಕ್ಕಿಂತ ಬಹಳ ಎಳೆದಿದ್ದಾರೆ, ಅದು ನಿಜವಾದ ಕೊರತೆ. ಎಮ್ಯುಲೇಟರ್‌ನಲ್ಲಿ ಸೇವ್ ಸ್ಟೇಟ್ (ಆಟದ ಆ ಕ್ಷಣವನ್ನೇ ಉಳಿಸೋದು) ಬಳಸೋದಾದರೆ ಜಗಳದ ನಡುವೆ ಉಳಿಸಬೇಡಿ. ಜೀವ ಕಮ್ಮಿ ಇರೋ ಸ್ಥಿತಿ ಉಳಿದುಬಿಟ್ಟರೆ ಅಲ್ಲಿಂದ ಮುಂದೆ ದಾರಿನೇ ಇರಲ್ಲ. ಪ್ರತಿ ಭಾಗದ ಶುರುವಿಗೆ ಒಂದೊಂದು ಸ್ಲಾಟ್ ಇಟ್ಟುಕೊಳ್ಳಿ, ಹಿಂದಿನದನ್ನ ಅಳಿಸಬೇಡಿ.

ಬ್ಲೂಟೂತ್ ಪ್ಯಾಡ್ ಬಿಟ್ಟು ತಂತಿ ಹಾಕಿ. ಈ ಆಟದಲ್ಲಿ ಎರಡು ಮೂರು ಫ್ರೇಮ್ ತಡವಾದರೂ ಏಟು ಬೀಳುತ್ತೆ. 60 ಹರ್ಟ್ಸ್‌ನಲ್ಲಿ ಒಂದು ಫ್ರೇಮ್ ಅಂದರೆ ಸುಮಾರು 16.7 ಮಿಲಿಸೆಕೆಂಡ್. ಆಟದ ಒಳಗಿನ ತಡ ಎಷ್ಟು ಅಂತ ನೀವೇ ಅಳೀಬಹುದು: ಕೀಬೋರ್ಡ್‌ನಲ್ಲಿ ಪಿ ಒತ್ತಿ ಆಟ ನಿಲ್ಲಿಸಿ, ಪ್ಯಾಡ್‌ನಲ್ಲಿ ಹಾರೋ ಬಟನ್ ಹಿಡಿದುಕೊಂಡು ಕೆ ಒತ್ತುತ್ತಾ ಒಂದೊಂದೇ ಫ್ರೇಮ್ ಮುಂದೆ ಹೋಗಿ. ಎಷ್ಟನೇ ಫ್ರೇಮ್‌ನಲ್ಲಿ ಬ್ಯಾಟ್‌ಮ್ಯಾನ್ ಅಲುಗಾಡಿದ ಅಂತ ಎಣಿಸಿ, ಅದರಲ್ಲಿ ಒಂದು ಕಳೆದು ಬಂದ ಸಂಖ್ಯೆಯನ್ನ ತಡ ಕಡಿಮೆ ಮಾಡೋ ರನ್-ಅಹೆಡ್ ಸೆಟ್ಟಿಂಗ್‌ಗೆ ಕೊಡಿ. ಅದಕ್ಕಿಂತ ಜಾಸ್ತಿ ಕೊಟ್ಟರೆ ಚಲನೆಯ ಮೊದಲ ಚಿತ್ರಗಳು ಹಾರಿಹೋಗಿ ಕುಪ್ಪಳಿಸಿದ ಹಾಗೆ ಕಾಣುತ್ತೆ.

ಇನ್ನೊಂದು ಸೆಟ್ಟಿಂಗ್: ಸ್ಪ್ರೈಟ್ ಮಿತಿ ತೆಗೆಯೋದು. ಮೆಗಾ ಡ್ರೈವ್ ಒಂದು ಅಡ್ಡಗೆರೆಯಲ್ಲಿ 20 ಸ್ಪ್ರೈಟ್ ಮಾತ್ರ ಬಿಡಿಸುತ್ತೆ, ಇಡೀ ಪರದೆಗೆ 80. ಇಬ್ಬರು ಆಡುವಾಗ ಗುಂಪು ಸೇರಿದರೆ ಮಿಣುಕು ಬರೋದು ಅದಕ್ಕೇ. ಮಿತಿ ತೆಗೆದರೆ ಮಿಣುಕು ಹೋಗುತ್ತೆ ನಿಜ, ಆದರೆ ಕೆಲವು ಆಟಗಳು ಏನನ್ನಾದರೂ ಮರೆಮಾಡೋಕೆ ಇದೇ ಮಿತಿಯನ್ನ ಬೇಕಂತಲೇ ಬಳಸಿರ್ತವೆ, ಅಲ್ಲಿ ಮರೆಯಲ್ಲಿ ಇರಬೇಕಾದದ್ದು ಹೊರಗೆ ಕಾಣಿಸಿಕೊಳ್ಳುತ್ತೆ. ಚಿತ್ರ ವಿಚಿತ್ರ ಅನ್ನಿಸಿದರೆ ಮೊದಲು ಇದನ್ನ ವಾಪಸ್ ಹಾಕಿ ನೋಡಿ.

ಜೊತೆಗೆ ಆಡೋರು ಇದ್ದರೆ ಇಬ್ಬರೇ ಕೂತು ಆಡಿ. ಇಲ್ಲಿ ರಾಬಿನ್ ನಿಜಕ್ಕೂ ಇದ್ದಾನೆ.

ಹಳೇಟಿವಿ

ಯಾವ ಪ್ರದೇಶದ ಆವೃತ್ತಿ ಅನ್ನೋದನ್ನೂ ನೋಡಿಕೊಳ್ಳಿ. ಯುರೋಪಿನ ಕಾರ್ಟ್ರಿಜ್ 50 ಹರ್ಟ್ಸ್‌ಗೆ ಓಡಿದರೆ ಆಟ, ಸಂಗೀತ ಎರಡೂ ಆರನೇ ಒಂದು ಭಾಗದಷ್ಟು ನಿಧಾನ ಆಗಬಹುದು. ಮೆಗಾ ಡ್ರೈವ್ ಆಟದ ಸಂಗೀತ ಜೋತುಬಿದ್ದ ಹಾಗೆ ಕೇಳಿದರೆ ಕೋರ್ ಆಪ್ಷನ್ಸ್‌ನಲ್ಲಿ ಪ್ರದೇಶವನ್ನು ಅಮೆರಿಕ ಎಂದು ಬದಲಿಸಿ.

ಎಮ್ಯುಲೇಟರ್ ಬಿಟ್ಟು ಅಸಲಿ ಯಂತ್ರಕ್ಕೆ ಹೋಗುವವರಿಗೆ: ನಮ್ಮ ದೇಶದ ಹಳೇ ಸಿಆರ್‌ಟಿ ಟಿವಿಗಳು ಪಾಲ್ ಎಂಬ ಬಣ್ಣದ ಪದ್ಧತಿಯವು, ಅಮೆರಿಕದ್ದು ಎನ್‌ಟಿಎಸ್‌ಸಿ. ಅಮೆರಿಕದ ಕನ್ಸೋಲನ್ನು ಬರೀ ಪಾಲ್ ತಿಳಿದ ಟಿವಿಗೆ ಹಳದಿ ತಂತಿಯಲ್ಲಿ ಸೇರಿಸಿದರೆ ಚಿತ್ರ ಕಪ್ಪು-ಬಿಳುಪಾಗುತ್ತದೆ, ಕೆಲವು ಟಿವಿಯಲ್ಲಿ ಮೇಲೆ ಕೆಳಗೆ ಉರುಳುತ್ತದೆ. ಕನ್ಸೋಲ್ ಕೆಟ್ಟಿಲ್ಲ. ಟಿವಿ ಮೆನುವಿನಲ್ಲಿ ಕಲರ್ ಸಿಸ್ಟಮ್ ಆಟೊ ಅಥವಾ ಎನ್‌ಟಿಎಸ್‌ಸಿ ಇದೆಯಾ ನೋಡಿ, ಆಮೇಲೆ ಬಂದ ಬಹುತೇಕ ಸೆಟ್‌ಗಳಲ್ಲಿ ಇರುತ್ತದೆ. ಅಮೆರಿಕದ ಅಡಾಪ್ಟರ್ 120 ವೋಲ್ಟಿನದು, ಅದನ್ನು ನೇರ ನಮ್ಮ 230 ವೋಲ್ಟ್ ಪ್ಲಗ್ಗಿಗೆ ಹಾಕಿದರೆ ಸುಟ್ಟೇ ಹೋಗುತ್ತದೆ. ಕಾರ್ಟ್ರಿಜ್ ಓದದಿದ್ದರೆ ಊದಬೇಡಿ. ಉಗುಳಿನ ತೇವ ತಾಮ್ರದ ಪಟ್ಟಿಗಳನ್ನು ಕಿಲುಬು ಹಿಡಿಸುತ್ತದೆ. 90 ಶೇಕಡಾ ಮೇಲ್ಪಟ್ಟ ಐಸೊಪ್ರೊಪೈಲ್ ಆಲ್ಕೋಹಾಲನ್ನು ಹತ್ತಿಕಡ್ಡಿಗೆ ಹಚ್ಚಿ ಉಜ್ಜಿ, ಪೂರ್ತಿ ಒಣಗಿದ ಮೇಲೆ ಹಾಕಿ.

ಕಪ್ಪುಹಾಳೆ

ನಾಲ್ಕನೇ ಪ್ರಶ್ನೆ ಉಳಿದಿದೆ. @ಹದಿನಾರುಬಿಟ್ ಹೇಳಿದ ತಕರಾರು ನ್ಯಾಯವೇ, ಆ ಸಂಗೀತಕ್ಕೆ ನಾನೂ ತಲೆಬಾಗುತ್ತೇನೆ.

ಮುಂದಿನದು ‘ಬ್ಯಾಟ್‌ಮ್ಯಾನ್: ವೆಂಜೆನ್ಸ್’, ಯೂಬಿಸಾಫ್ಟ್, 2001. ಅದನ್ನು ಹಾಕುವ ಮುಂಚೆ 1997ರ ‘ದಿ ನ್ಯೂ ಬ್ಯಾಟ್‌ಮ್ಯಾನ್ ಅಡ್ವೆಂಚರ್ಸ್’ ನೋಡಿ. ಪಾತ್ರಗಳ ರೂಪವೆಲ್ಲ ಆಗ ಬದಲಾಗಿತ್ತು, ಆಟ ಹಿಡಿದಿರುವುದು ಆ ಹೊಸ ರೂಪವನ್ನು. ಕಾನ್ರಾಯ್, ಹ್ಯಾಮಿಲ್, ಹಾರ್ಲಿಗೆ ಆರ್ಲೀನ್ ಸಾರ್ಕಿನ್, ಬ್ಯಾಟ್‌ಗರ್ಲ್‌ಗೆ ಟಾರಾ ಸ್ಟ್ರಾಂಗ್, ದನಿಗಳೆಲ್ಲ ಸರಣಿಯವೇ. ಜೋಕರ್ ಸತ್ತನೆಂದು ಶುರುವಾಗುವ ಕತೆ ಒಂದು ದೀರ್ಘ ಕಂತಿನ ಹಾಗೆ ಸಾಗುತ್ತದೆ. ಆಡುವಾಗ ಗೊಂದಲ ಆಗುವುದು ಒಂದೇ ಕಡೆ: ಜಗಳ, ಓಟ ಹೊರಗಿನ ನೋಟದಲ್ಲಿ, ಸಲಕರಣೆ ಗುರಿಯಿಡುವುದು ಬ್ಯಾಟ್‌ಮ್ಯಾನ್‌ನ ಕಣ್ಣಿನ ನೋಟದಲ್ಲಿ. ನೋಟ ಬದಲಾಗುವ ಆ ಕ್ಷಣದಲ್ಲಿ ಏಟು ತಿನ್ನುವುದು ಸಾಮಾನ್ಯ, ಆದ್ದರಿಂದ ಮೊದಲು ಮರೆಗೆ ಸರಿದು ಆಮೇಲೆ ಗುರಿಯಿಡಿ.

ಇದಕ್ಕೆ ಗೇಮ್‌ಕ್ಯೂಬ್ ಆವೃತ್ತಿ ಮತ್ತು ಡಾಲ್ಫಿನ್ ಎಮ್ಯುಲೇಟರ್ ಸುಲಭ, ಬಯೋಸ್ ಗೊಡವೆಯೇ ಇಲ್ಲ. ಪ್ಲೇಸ್ಟೇಶನ್ 2ರದಾದರೆ ಪಿಸಿಎಸ್‌ಎಕ್ಸ್2 ಎಮ್ಯುಲೇಟರ್‌ಗೆ ಬಯೋಸ್ ಬೇಕು. ಡಾಲ್ಫಿನ್‌ನಲ್ಲಿ ಒಳಗಿನ ರೆಸಲ್ಯೂಶನ್ 3 ಪಟ್ಟು ಇಟ್ಟರೆ 1080 ಪರದೆಗೆ ಸಾಕು. ಹೊಸ ದೃಶ್ಯ ಬಂದಾಗಲೆಲ್ಲ ಕ್ಷಣಕಾಲ ತಡವರಿಸಿದರೆ ಅದು ಶೇಡರ್ (ಚಿತ್ರ ಬಿಡಿಸುವ ಸಣ್ಣ ಪ್ರೋಗ್ರಾಂ) ಆಗ ತಾನೇ ತಯಾರಾಗುತ್ತಿರುವುದರಿಂದ. ಹೈಬ್ರಿಡ್ ಊಬರ್‌ಶೇಡರ್ ಆಯ್ಕೆ ಹಾಕಿ.

2003ರ ‘ರೈಸ್ ಆಫ್ ಸಿನ್ ತ್ಸು’ ಇಬ್ಬರು ಸೇರಿ ಹೊಡೆದಾಡುವ ಆಟ. ಬ್ಯಾಟ್‌ಮ್ಯಾನ್, ರಾಬಿನ್, ಬ್ಯಾಟ್‌ಗರ್ಲ್, ನೈಟ್‌ವಿಂಗ್ ನಾಲ್ವರಲ್ಲಿ ಯಾರನ್ನಾದರೂ ಆರಿಸಬಹುದು. ಹೊಸ ಖಳನ ರೂಪ ಕಾಮಿಕ್ಸ್ ಕಲಾವಿದ ಜಿಮ್ ಲೀ ಅವರದ್ದು. ಒಬ್ಬರೇ ಆಡಿದರೆ ಬೇಗ ಏಕತಾನ ಅನ್ನಿಸುತ್ತದೆ. ಮಕ್ಕಳ ಜೊತೆ ಆಡಲು 2010ರ ‘ದಿ ಬ್ರೇವ್ ಅಂಡ್ ದಿ ಬೋಲ್ಡ್’ ಇದೆ, ವೀ ಯಂತ್ರಕ್ಕೆ ವೇಫಾರ್ವರ್ಡ್ ಮಾಡಿದ್ದು. ಕೈಯಿಂದ ಬಿಡಿಸಿದ 2ಡಿ ಚಿತ್ರ, ಕಾರ್ಟೂನೇ ಓಡುತ್ತಿದೆಯೇನೋ ಅನ್ನಬೇಕು. ಅದರಲ್ಲಿ ನಿಂಟೆಂಡೊ ಡಿಎಸ್ ಜೋಡಿಸಿ ಬ್ಯಾಟ್‌ಮ್ಯಾನ್‌ನ ಪುಟ್ಟ ಅಭಿಮಾನಿ ಬ್ಯಾಟ್-ಮೈಟ್ ಆಗಿ ಆಡಬಹುದು, ಆದರೆ ಅದಕ್ಕೆ ಅಸಲಿ ವೀ ಮತ್ತು ಅಸಲಿ ಡಿಎಸ್ ಎರಡೂ ಬೇಕು.

ಸೂಪರ್‌ಮ್ಯಾನ್ 64. 1999ರಲ್ಲಿ ಟೈಟಸ್ ಹೊರತಂದದ್ದು, ಸೂಪರ್‌ಮ್ಯಾನ್‌ನ ಅನಿಮೇಟೆಡ್ ಸರಣಿಯ ಮೇಲೆ. ಕತೆಯ ಪ್ರಕಾರ ಖಳನಾಯಕ ಲೆಕ್ಸ್ ಲೂಥರ್, ಸೂಪರ್‌ಮ್ಯಾನ್‌ನ ಗೆಳತಿ ಲೋಯಿಸ್ ಮುಂತಾದವರನ್ನು ಕಂಪ್ಯೂಟರಿನೊಳಗಿನ ನಕಲಿ ನಗರದಲ್ಲಿ ಸಿಕ್ಕಿಸಿದ್ದಾನೆ. ಲೈಸೆನ್ಸ್ ಕೊಟ್ಟವರ ಕಡೆಯಿಂದ ಬಂದ ನಿರ್ಬಂಧಗಳಿಂದ ಆಟದ ಮೂಲ ಯೋಜನೆಯೇ ಕುಗ್ಗಿತು ಎಂದು ಟೈಟಸ್‌ನ ಎರಿಕ್ ಕೇನ್ ಆಮೇಲೆ ಹೇಳಿದ್ದಾರೆ. ದೂರದ ಕಟ್ಟಡ ಬಿಡಿಸಲು ಯಂತ್ರಕ್ಕೆ ಶಕ್ತಿ ಸಾಲದೆ ಎಲ್ಲೆಲ್ಲೂ ಹಸಿರು ಮಂಜು ತುಂಬಿ, ಅದನ್ನು ಕ್ರಿಪ್ಟನೈಟ್ (ಸೂಪರ್‌ಮ್ಯಾನ್‌ನ ಶಕ್ತಿ ಕುಂದಿಸುವ ವಸ್ತು) ಮಂಜು ಎಂದು ಕತೆಗೆ ಸೇರಿಸಿದ್ದಾರೆ. ಹಾರಾಟದ ನಿಯಂತ್ರಣ ತಡವಾಗಿ ಸ್ಪಂದಿಸುತ್ತದೆ, ಅಂಥ ನಿಯಂತ್ರಣದ ಮೇಲೆಯೇ ಗಡಿಯಾರ ಹಿಡಿದು ಸಾಲು ಸಾಲು ಉಂಗುರದೊಳಗೆ ತೂರು ಎನ್ನುತ್ತದೆ ಆಟ. ನೋವಿನ ಸಂಗತಿ ಏನೆಂದರೆ, ಏನು ಬೇಕಾದರೂ ಮಾಡಬಲ್ಲ ನಾಯಕನಿಗೆ ಆಟದಲ್ಲಿ ಕಷ್ಟ ಎಲ್ಲಿಂದ ತರಬೇಕು ಎಂಬ ನಿಜವಾದ ಪ್ರಶ್ನೆಗೆ ಇವರ ಕೈಲಿದ್ದ ಉತ್ತರ ಗಡಿಯಾರ ಒಂದೇ. ಕುತೂಹಲಕ್ಕೆ ಮೊದಲ ಹತ್ತು ನಿಮಿಷ ಆಡಿ ಬಿಡಿ. ಅದೇ ಸರಣಿಯನ್ನು ಗೌರವದಿಂದ ಮುಟ್ಟಿದ ಆಟ ಬೇಕೆಂದರೆ 2002ರ ‘ಸೂಪರ್‌ಮ್ಯಾನ್: ಶ್ಯಾಡೊ ಆಫ್ ಅಪೊಕೊಲಿಪ್ಸ್’ ಆಡಿ. ಸರಣಿಯಲ್ಲಿ ಸೂಪರ್‌ಮ್ಯಾನ್ ಆಗಿದ್ದ ಟಿಮ್ ಡೇಲಿ ಅವರದ್ದೇ ದನಿ, ಚಿತ್ರಕ್ಕೂ ಕಾರ್ಟೂನಿನ ಚಪ್ಪಟೆ ನೆರಳು ಕೊಟ್ಟಿದ್ದಾರೆ.

ಇರುಳಬಾವಲಿ

ಬಿನ್, ಕ್ಯೂ ಮಾಡಿಕೊಂಡ ಮೇಲೆ ಹಾಡು ಬಂತು. ಮೆಗಾ ಡ್ರೈವ್‌ನಲ್ಲಿ ಪಟ್ಟಿ ತುಂಬೋವರೆಗೂ ಕಾದು ಎಸೆದರೆ ಜೋಕರ್ ಹಂತದ ಅರ್ಧ ದಾಟಿತು. ಒಂದೇ ಬಾಕಿ: ಸೆಗಾ ಸಿಡಿಯಲ್ಲಿ ಈಗ ಕಾರಿನ ಹಂತದ ಹಾಡು ಜೋರು, ಗುಂಡಿನ ಸದ್ದು, ಪೆಟ್ಟಿನ ಸದ್ದು ಮುಳುಗಿಹೋಗ್ತಿದೆ.

ಧಾರವಾಡದಡಿಸ್ಕ್

ಕೋರ್ ಆಪ್ಷನ್ಸ್‌ನಾಗ ಸದ್ದಿನ ವಿಭಾಗ ತೆಗೀರಿ. ಸಿಡಿ-ಡಿಎ ವಾಲ್ಯೂಮ್ (ಹಾಡಿನ ಟ್ರ್ಯಾಕ್‌ದು), ಪಿಸಿಎಂ ವಾಲ್ಯೂಮ್ ಅಂತ ಬ್ಯಾರೆ ಬ್ಯಾರೆ ಇರತಾವು. ಸಿಡಿ-ಡಿಎ 70ಕ್ಕ ಇಳಿಸ್ರಿ, ಪಿಸಿಎಂ 100 ಇರಲಿ. ಆ ಆಯ್ಕೆ ಕಾಣಲಿಲ್ಲ ಅಂದ್ರ ನಿಮ್ಮ ಕೋರ್ ಹಳೇದು, ಆನ್‌ಲೈನ್ ಅಪ್‌ಡೇಟರ್‌ನಿಂದ ಹೊಸದು ಇಳಿಸಿಕೊಳ್ರಿ. ಬದಲಿಸಿದ ಮ್ಯಾಲೆ ಈ ಆಟಕ್ಕಷ್ಟ ಉಳಿಸೋ ಆಯ್ಕೆ ಒತ್ರಿ, ಇಲ್ಲಾಂದ್ರ ಬ್ಯಾರೆ ಆಟದ ಹಾಡೂ ಸಣ್ಣಗಾಗತೈತಿ.